ಕೊಪ್ಪದ ಮೂವತ್ತಾರು ಮುಖ

ವಹಾಬನ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಆಗಲೇ ಹೊಗೆಯಾಡುತ್ತಿತ್ತು.

“ಈ ಕಡೆ ನಲವತ್ತು ಸೂಜಿ ಅವೆ,” ಎಂದ ಅವನು, ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕಿನ ಬೆನ್ನಿಗೆ ಮೂಗು ತಾಗಿಸಿ. “ಆ ಕಡೆ ಹೊಸ ಕಂಪ್ಯೂಟರಲ್ಲಿ ಏಳೇ ಗೀರು. ನಲವತ್ತನ್ನ ಏಳಕ್ಕೆ ಇಳಿಸ್ಬೇಕು, ಅಷ್ಟೇ ತಾನೆ. ತ್ರೀ ಫೇಸ್ ಮೋಟ್ರನ್ನ ಸಿಂಗಲ್ ಫೇಸಲ್ಲಿ ಓಡಿಸಿದೋನು ನಾನು.”

“ಸುಟ್ಟೋಗ್ಬುಟ್ರೆ?” ಎಂದ ಶಿವರಾಜು.

“ಸುಟ್ಟೋದ್ರೆ ತೊಂದ್ರೆ ಎಲ್ಲಿತ್ತು ಅಂತ ಗೊತ್ತಾಯ್ತದೆ.”

“ಹುಷಾರು ವಹಾಬ್ ಭಾಯ್, ನಿಧಾನ,” ಎಂದ ಅಂಗಡಿಯ ಯಜಮಾನ ಜಕೀವುಲ್ಲಾ, ಮಗುವಿಗೆ ಕಿವಿ ಚುಚ್ಚಿಸುವಾಗ ತಾಯಿ ಹೇಳುವ ದನಿಯಲ್ಲಿ. ಅವನ ಮನಸ್ಸಿನಲ್ಲಿದ್ದದ್ದು ಮಾತ್ರ ಒಂದೇ ಪ್ರಾರ್ಥನೆ. ಸುಡಲಿ. ಹೊಗೆ ಬರಲಿ, ವಾಸನೆ ಬರಲಿ, ಯಾರೂ ಮತ್ತೆ ಬಿಚ್ಚಲಾಗದ ಹಾಗೆ ಕರಗಿ ಉಂಡೆಯಾಗಲಿ.

ಏಕೆಂದರೆ ಆ ಡಿಸ್ಕಿನಲ್ಲಿ ಇದೆ ಎಂದು ಅವನು ಹೇಳಿದ್ದ ಫ್ಲೆಕ್ಸ್ ಡಿಸೈನು ಅದರಲ್ಲಿ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಅದನ್ನು ಅವನು ಮಾಡಿಯೇ ಇರಲಿಲ್ಲ.

ಮದ್ದೂರಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಜಕೀವುಲ್ಲಾ ಫ್ಲೆಕ್ಸ್ ಡಿಸೈನು ಮಾಡಲು ಶುರುಮಾಡಿ ಹದಿನೈದು ವರ್ಷ ದಾಟಿತ್ತು. ಕೊಪ್ಪದ ಕೆಲಸವೆಲ್ಲ ಅವನದೇ. ಕೊಪ್ಪದಲ್ಲಿ ಯಾರ ಮನೆಯ ಮುಂದೆ ಏನು ಒಳ್ಳೆಯದಾದರೂ ಊರ ಹೆಬ್ಬಾಗಿಲಲ್ಲಿ ಒಂದು ಫ್ಲೆಕ್ಸ್ ಏಳುತ್ತಿತ್ತು, ಅದರ ಕೆಳಗೆ ‘ಶುಭ ಕೋರುವವರು’ ಅಂತ ಸಾಲು ಸಾಲು ಮುಖಗಳು ಕೂರುತ್ತಿದ್ದವು. ಈ ಸಲ ಒಳ್ಳೆಯದಾಗುತ್ತಿದ್ದದ್ದು ಆರೋಗ್ಯ ಉಪಕೇಂದ್ರದ ನರ್ಸ್ ಯಶೋದಮ್ಮನಿಗೆ. ಮೂವತ್ತೊಂದು ವರ್ಷ ಕೊಪ್ಪಕ್ಕೆ ಸೂಜಿ ಚುಚ್ಚಿ, ನಾಳೆ ನಿವೃತ್ತಿ. ಬೆಳಿಗ್ಗೆ ಸನ್ಮಾನ, ಮಧ್ಯಾಹ್ನ ಊಟ.

ಫ್ಲೆಕ್ಸಿಗೆ ಮೂವತ್ತಾರು ಜನರ ಫೋಟೊ. ಯಾರು ಮೊದಲ ಸಾಲು, ಯಾರು ಎರಡನೆಯದು ಎಂದು ತೀರ್ಮಾನಿಸಲು ಕೊಪ್ಪದಲ್ಲಿ ಮೂರು ಸಭೆಗಳು ನಡೆದಿದ್ದವು. ಮೊಬೈಲಿನಲ್ಲಿ ಕಳಿಸಿದರೆ ಸಾಲು ತಪ್ಪುತ್ತದೆಂದು, ಪ್ರತಿಯೊಬ್ಬನೂ ಕಾಗದದ ಫೋಟೊ ಕೊಡಬೇಕು, ಬೆನ್ನಿಗೆ ಹೆಸರು ಮತ್ತು ಸಾಲಿನ ನಂಬರು ಬರೆದಿರಬೇಕು ಎಂದು ಕಟ್ಟುಮಾಡಿದ್ದರು. ಅವನ್ನೆಲ್ಲ ಕೂಡಿಸುವ ಹೊಣೆ ಮಾದಯ್ಯನದು. ಇಪ್ಪತ್ತು ದಿನದ ಹಿಂದೆ ಮಾದಯ್ಯ ಫೋನು ಮಾಡಿದ್ದ.

“ಪೋಟೊ ಎಲ್ಲಾ ಬಸ್ಸಲ್ಲಿ ಕಳ್ಸಿವ್ನಿ ಕಣ್ಲಾ. ಬಂತಾ?”

ಜಕೀವುಲ್ಲಾನ ಎದುರಿಗೆ ಆಗ ಬೇರೊಂದು ಊರಿನ ಐವತ್ತು ಮುಖಗಳಿದ್ದವು. “ಬಂತು ಬಂತು ಮಾದಣ್ಣ. ಕೆಲಸಾನೂ ನಡೀತಾ ಅದೆ,” ಎಂದಿದ್ದ. ಅಂಗಡಿ ಇಟ್ಟವನ ಬಾಯಿಂದ ಇಂಥ ಮಾತು ಆಕಳಿಕೆಯ ಹಾಗೆ ತಾನಾಗಿ ಬರುತ್ತದೆ.

ಈ ದಿನ ಬೆಳಿಗ್ಗೆ ಏಳಕ್ಕೇ ಬಂದು ಜಕೀವುಲ್ಲಾ ಆ ಫೋಟೊಗಳ ಲಕೋಟೆಗಾಗಿ ಅಂಗಡಿಯನ್ನು ಬುಡಮೇಲು ಮಾಡಿದ್ದ. ಯಾರದೋ ಜಾತಕ ಸಿಕ್ಕಿತು, ಒಂದು ರೇಷನ್ ಕಾರ್ಡ್ ಸಿಕ್ಕಿತು, ಒಂಟಿ ಓಲೆ ಸಿಕ್ಕಿತು. ಲಕೋಟೆ ಸಿಗಲಿಲ್ಲ. ಹನ್ನೊಂದಕ್ಕೆ ಮಾದಯ್ಯ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಜೊತೆಗೆ ಸನ್ಮಾನ ಸಮಿತಿಯ ಶಿವರಾಜು. “ತೋರ್ಸು ನೋಡವ” ಎಂದು ಇಬ್ಬರೂ ಪರದೆಯ ಮುಂದೆ ಕೂತರು. ಬೇರೆ ದಾರಿ ಕಾಣದೆ ಜಕೀವುಲ್ಲಾ, ಕಾಗದ ಹಾರದಂತೆ ಐದಾರು ವರ್ಷದಿಂದ ಫ್ಯಾನಿನ ಕೆಳಗೆ ತೂಕಕ್ಕಿಟ್ಟಿದ್ದ ಹಳೆಯ ಡಿಸ್ಕನ್ನು ಎತ್ತಿ ಹಿಡಿದಿದ್ದ.

“ಡಿಸೈನ್ ರೆಡಿ ಅಣ್ಣ. ಆದ್ರೆ ಹಳೇ ಕಂಪ್ಯೂಟರಲ್ಲಿ ಮಾಡಿದ್ದು, ಇದರೊಳಗದೆ. ಅದು ಮೊನ್ನೆ ಕೆಟ್ಟೋಯ್ತು. ಹೊಸ ಕಂಪ್ಯೂಟರು ಇದನ್ನ ತಗೊಳ್ತಾ ಇಲ್ಲ. ಎರಡಕ್ಕೂ ಕಂಪ್ಯಾಟಿಬಲ್ ಆಗಲ್ಲ.”

ಆ ಕೊನೆಯ ಪದವನ್ನು ಅವನು ದೊಡ್ಡ ಡಾಕ್ಟರು ಕಾಯಿಲೆಯ ಹೆಸರು ಹೇಳಿದಂತೆ ಹೇಳಿದ್ದ. ಕೇಳಿದವರು ತಲೆ ತಗ್ಗಿಸಿ ಎದ್ದು ಹೋಗಬೇಕಿತ್ತು. ಮಾದಯ್ಯ ಮಾತ್ರ ಅವನನ್ನೇ ದಿಟ್ಟಿಸಿದ.

“ರೆಡಿ ಆಗದಾ?”

“ಆಗದೆ ಅಣ್ಣ.”

“ಮೂವತ್ತಾರು ಮೊಕಾನೂ?”

“ಮೂವತ್ತಾರೂ.”

“ನಂದೂವೆ?”

“ನಿಮ್ದು ಮೊದಲ್ನೇ ಸಾಲು, ಮಾದಣ್ಣ.”

“ಅಂಗಾರೆ ಅದ್ನ ನಾನು ನೋಡ್ಲೇಬೇಕು ಕಣ್ಲಾ,” ಎಂದು ಮಾದಯ್ಯ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೂ ಗಟ್ಟಿಯಾಗಿ ಕೂತ. ಅವನು ಕೊಪ್ಪದಲ್ಲಿ ಇಪ್ಪತ್ತೆಂಟು ವರ್ಷ ನೀರು ಬಿಟ್ಟ ವಾಟರ್‌ಮ್ಯಾನ್. “ಟ್ಯಾಂಕಿಲ್ ನೀರದೆ, ನಲ್ಲೀಲಿ ಬರ್ತಿಲ್ಲ ಅಂದ್ರೆ ಮಧ್ಯ ಎಲ್ಲೋ ಕಟ್ಕಂಡದೆ. ಬುಡ್ಸವ.”

ಶಿವರಾಜು ಗಡಿಯಾರ ನೋಡಿದ. “ಮೂರ್ ಗಂಟೆಗೆ ಮಂಡ್ಯದಲ್ಲಿ ಪ್ರಿಂಟಿಗೆ ಓಗ್ಬೇಕು. ಇಲ್ದಿದ್ರೆ ಸಂಜೆ ಕಟ್ಟಕ್ಕಾಗಲ್ಲ. ನೋಡ್ಲಾ ಜಕೀ, ಸೋಮನಳ್ಳೀಲಿ ಒಸಾ ಅಂಗಡಿ ಆಗದೆ. ಈ ಸಲ ಕೈಕೊಟ್ರೆ ಕೊಪ್ಪದ ಒಂದು ಮೊಕಾನೂ ನಿನ್ನ ಅಂಗಡಿಗೆ ಬರಾಕಿಲ್ಲ.”

ಹೀಗೆ ಹೇಳಿ ಅವನೇ ಹೋಗಿ ಪಕ್ಕದ ಮೋಟಾರು ರಿಪೇರಿಯ ವಹಾಬನನ್ನು ಕರೆತಂದಿದ್ದ.

ಸೋಲ್ಡರಿಂಗ್ ಕಡ್ಡಿ ಇನ್ನೇನು ಮೊದಲನೆಯ ಸೂಜಿಗೆ ಮುಟ್ಟಬೇಕು, ಎದುರಂಗಡಿಯ ರೂಪ ಬೀದಿ ದಾಟಿ ಬಂದಳು. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ ಎಲ್ಲವನ್ನೂ ತೆಗೆದುಕೊಡುವ ಆನ್‌ಲೈನ್ ಸೆಂಟರ್ ಅವಳದು.

“ಏನ್ ವಹಾಬಣ್ಣ, ಟ್ರ್ಯಾಕ್ಟರ್‌ಗೆ ಬೆಸುಗೆ ಹಾಕ್ತಾ ಇದೀರಾ?” ಎಂದು ಡಿಸ್ಕನ್ನು ಅವನ ಕೈಕೆಳಗಿನಿಂದ ಎಳೆದುಕೊಂಡಳು. ಹಿಂದೆ ಮುಂದೆ ತಿರುಗಿಸಿದಳು. “ಇದು ಅಗಲ ಪಟ್ಟಿ ವೈರಿನ ಕಾಲದ್ದು. ಈಗಿನ ಬೋರ್ಡಲ್ಲಿ ಇದಕ್ಕೆ ಜಾಗಾನೇ ಬಿಟ್ಟಿಲ್ಲ. ಮಧ್ಯಕ್ಕೆ ಒಂದು ಕನ್ವರ್ಟರ್ ಬೇಕು.”

“ಅದೇ ನಾನೂ ಹೇಳ್ತಾ ಇದ್ದೆ,” ಎಂದ ಜಕೀವುಲ್ಲಾ ಲಗುಬಗೆಯಿಂದ. “ಆ ಕನ್ವರ್ಟರ್ ಎಲ್ಲೂ ಸಿಗಲ್ಲ ರೂಪ. ಬೆಂಗಳೂರಲ್ಲೇ ಇಲ್ಲ. ತಯಾರು ಮಾಡೋದನ್ನೇ ನಿಲ್ಲಿಸಿಬಿಟ್ಟವ್ರೆ, ಪಾಪ.”

“ನನ್ ಹತ್ರ ಅದೆ.”

ಜಕೀವುಲ್ಲಾ ನಕ್ಕ. ಮುಖದ ಬಾಕಿ ಭಾಗವೆಲ್ಲ ಅಳುತ್ತಿತ್ತು.

ಕನ್ವರ್ಟರ್ ಬಂತು. ಒಂದು ತುದಿ ಡಿಸ್ಕಿಗೆ, ಇನ್ನೊಂದು ಕಂಪ್ಯೂಟರಿಗೆ. ರೂಪ ಸ್ವಿಚ್ಚು ಒತ್ತಿದಳು. ಡಿಸ್ಕು ಕಲ್ಲಿನಂತೆ ಬಿದ್ದುಕೊಂಡಿತ್ತು.

“ಹೋಯ್ತು,” ಎಂದ ಜಕೀವುಲ್ಲಾ, ಸಾವಿನ ಮನೆಗೆ ತಕ್ಕ ದನಿಯಲ್ಲಿ. ಎದೆಯೊಳಗೆ ತಂಪು ಗಾಳಿ ಬೀಸಿತು. “ಪಾಪ, ವಯಸ್ಸಾಗಿತ್ತು. ನಾವೇನು ಮಾಡಕ್ಕಾಗ್ತದೆ ಅಣ್ಣ, ದೇವರ ಇಚ್ಛೆ.”

ಮಾದಯ್ಯ ಡಿಸ್ಕಿನ ಮೇಲೆ ಅಂಗೈ ಇಟ್ಟ. “ಸತ್ತಿಲ್ಲ ಕಣ್ಲಾ. ಇದ್ಕೆ ಕರೆಂಟೇ ಬಂದಿಲ್ಲ.”

ವಹಾಬ್ ಹಿಂದಿನ ನಾಲ್ಕು ಸೂಜಿಯ ಪ್ಲಗ್ಗನ್ನು ಬಾಯಿಂದ ಊದಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಡಿಸ್ಕು ಒಮ್ಮೆ ಕೆಮ್ಮಿ, ಕಡಲೆ ರುಬ್ಬುವ ಮಿಕ್ಸಿಯ ಹಾಗೆ ತಿರುಗತೊಡಗಿತು. ಜಕೀವುಲ್ಲಾನ ಎದೆಯೊಳಗಿನ ಗಾಳಿ ನಿಂತಿತು.

ತಿರುಗುತ್ತಿತ್ತೇ ಹೊರತು ಪರದೆಯ ಮೇಲೆ ಏನೂ ಮೂಡಲಿಲ್ಲ. ಗಾಳಿ ಮತ್ತೆ ಬೀಸಿತು. “ತಿರುಗ್ತದೆ, ಆದ್ರೆ ಮಾತಾಡ್ತಿಲ್ಲ. ಲಕ್ವ ಹೊಡೆದಂಗಾಗಿದೆ,” ಎಂದು ಅವನು ವಿವರಿಸಿದ.

ರೂಪ ಮೊಬೈಲಿನಲ್ಲಿ ಏನನ್ನೋ ಓದಿದಳು. “ಹಿಂದೆ ಒಂದೇ ಪಟ್ಟಿಗೆ ಎರಡು ಡಿಸ್ಕ್ ಸಿಕ್ಕಿಸ್ತಿದ್ರಂತೆ. ಒಂದು ಯಜಮಾನ, ಇನ್ನೊಂದು ಆಳು. ಯಾವುದು ಯಾವುದು ಅಂತ ತಿಳಿಯಕ್ಕೆ ಹಿಂದುಗಡೆ ಒಂದು ಚಿಕ್ಕ ಕ್ಲಿಪ್ಪು. ಇದು ಆಳಿನ ಜಾಗದಲ್ಲಿ ಕೂತದೆ.”

“ಆಳಾಗಿದ್ರೆ ಎಲ್ ಮಾತಾಡ್ತದೆ,” ಎಂದ ಶಿವರಾಜು, ತಿಳಿದವನಂತೆ. “ಯಜಮಾನ ಮಾಡವ್ವ.”

“ನಾನೇ ಮಾಡ್ತೀನಿ,” ಎಂದು ಜಕೀವುಲ್ಲಾ ಮುನ್ನುಗ್ಗಿ ಭತ್ತದ ಕಾಳಿನಷ್ಟಿದ್ದ ಆ ಕ್ಲಿಪ್ಪನ್ನು ಉಗುರಿನಿಂದ ಎಳೆದ. ಎಳೆದವನು ಕೈ ಸಡಿಲ ಬಿಟ್ಟ. “ಥೂ, ಬಿದ್ದೋಯ್ತಲ್ಲ.”

ಹೊಲದಲ್ಲಿ ಕಳೆ ಕೀಳುವವರ ಹಾಗೆ ನಾಲ್ವರು ನೆಲಕ್ಕೆ ಬಗ್ಗಿದರು. ಜಕೀವುಲ್ಲಾ ಅದು ಬಿದ್ದ ಕಡೆಗೆ ಬೆನ್ನು ಮಾಡಿ ಬಹಳ ಶ್ರದ್ಧೆಯಿಂದ ಹುಡುಕಿದ. ಮಾದಯ್ಯನೊಬ್ಬ ಕುರ್ಚಿ ಬಿಡಲಿಲ್ಲ. ಬರಿಗಾಲನ್ನು ನೆಲದ ಮೇಲೆ ಮೆಲ್ಲಗೆ ಒಂದು ಸುತ್ತು ಎಳೆದು, “ಇಲ್ಲದೆ ನೋಡು,” ಎಂದ. ಇಪ್ಪತ್ತೆಂಟು ವರ್ಷ ನಸುಕಿನಲ್ಲಿ ವಾಲ್ವ್ ಹುಡುಕಿದ ಪಾದ ಅದು. ಹೆಬ್ಬೆರಳಿಗೆ ಕ್ಲಿಪ್ಪು ಅಂಟಿಕೊಂಡು ಬಂತು.

ಕ್ಲಿಪ್ಪು ಯಜಮಾನನ ಜಾಗಕ್ಕೆ ಹೋದದ್ದೇ ತಡ, ಪರದೆಯ ಮೇಲೆ ಒಂದು ಪೆಟ್ಟಿಗೆ ತೆರೆದುಕೊಂಡಿತು. ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕಂಪ್ಯೂಟರು ವಿನಯದಿಂದ ಕೇಳುತ್ತಿತ್ತು. ಆ ಬೆಳಿಗ್ಗೆ ಜಕೀವುಲ್ಲಾನನ್ನು ಯಾರಾದರೂ ಇಷ್ಟು ಪ್ರೀತಿಯಿಂದ ಮಾತಾಡಿಸಿದ್ದು ಅದೇ ಮೊದಲು. ಅವನ ಕೈ ಮೌಸಿನ ಮೇಲೆ ಹೋಯಿತು, ಬಾಣ ‘ಹೌದು’ ಎನ್ನುವ ಕಡೆಗೆ ಜಾರಿತು.

ರೂಪ ಸ್ಕೇಲಿನಿಂದ ಅವನ ಮಣಿಕಟ್ಟಿಗೆ ಒಂದು ಬಿಟ್ಟಳು. “ಜಕೀ ಅಣ್ಣ, ಅದನ್ನ ಒತ್ತಿದ್ರೆ ಎಲ್ಲಾ ಅಳಿಸೋಗ್ತದೆ. ಇಷ್ಟು ವರ್ಷದಿಂದ ಅಂಗಡಿ ಇಟ್ಟಿದೀರಿ, ಗೊತ್ತಿಲ್ವಾ?”

“ಗಾಬರಿಗೆ…”

“ಗಾಬ್ರಿ ಅಲ್ಲ ಕಣವ್ವ,” ಎಂದ ಶಿವರಾಜು, ಕಣ್ಣು ಕಿರಿದು ಮಾಡಿ. “ನಮ್ ಮೊಕ ಅಳಿಸ್ಬುಡು ಅಂತ ಸೋಮನಳ್ಳಿಯೋನು ಏನಾರ ಯೋಳ್ಕೊಟ್ಟವ್ನಾ ಇವನ್ಗೆ?”

“ಅವನು ಯಾಕ್ ಯೋಳ್ತಾನೆ, ಕುಂತ್ಕ,” ಎಂದ ಮಾದಯ್ಯ. ಅವನ ಕಣ್ಣು ಜಕೀವುಲ್ಲಾನ ಮೇಲೆಯೇ ಇತ್ತು. ಬಯ್ಯುವ ಕಣ್ಣಲ್ಲ ಅದು. ಜಾದೂಗಾರನ ಕೈಯನ್ನೇ ನೋಡುತ್ತ ಕೂತವನ ಕಣ್ಣು.

ರೂಪ ‘ಬೇಡ’ ಎಂದು ಒತ್ತಿದಳು. ವೈರು ಬಿಚ್ಚಿ, ಕಂಪ್ಯೂಟರಿನ ಮುಂದಿನ ತೂತಿನ ಬದಲು ಹಿಂದಿನದಕ್ಕೆ ಸಿಕ್ಕಿಸಿದಳು. ಡಿಸ್ಕು ಮತ್ತೊಮ್ಮೆ ಕೆಮ್ಮಿತು. ಈ ಸಲ ಯಾವ ಪ್ರಶ್ನೆಯನ್ನೂ ಕೇಳದೆ ಬಾಗಿಲು ತೆರೆಯಿತು.

ಹೊಸದು. ಹೊಸದು ಎರಡು. ಫೈನಲ್. ಫೈನಲ್ ಹೊಸದು. ಬೇಡವಾದದ್ದು. ಫೈನಲ್ ಅಲ್ಲದ್ದು. ಹೆಸರುಗಳು ಸಾಲಾಗಿ ಮೂಡಿದವು. ಜಕೀವುಲ್ಲಾ ಕುರ್ಚಿಯ ಹಿಂಬದಿ ಹಿಡಿದುಕೊಂಡು, ಯಾವ ಊರಿಗೆ ಹೋಗಿ ಬೇರೆ ಕೆಲಸ ಮಾಡಬಹುದು ಎಂದು ಯೋಚಿಸುತ್ತಿದ್ದ. ಮಳವಳ್ಳಿಯಲ್ಲಿ ಅವನ ಷಡ್ಡಕನ ಹಾಸಿಗೆ ಅಂಗಡಿ ಇತ್ತು. ಹತ್ತಿ ತುಂಬುವುದರಲ್ಲಿ ಯಾರ ಮುಖವೂ ಇರುವುದಿಲ್ಲ.

“ಇಲ್ಲದೆ ನೋಡಿ, ‘ಕೊಪ್ಪ ಫೈನಲ್’,” ಎಂದಳು ರೂಪ.

ಅದು ತೆರೆಯಲು ಒಂದು ನಿಮಿಷ ಹಿಡಿಯಿತು. ಹಳೆಯ ಅಕ್ಷರಗಳು ಹೊಸ ಕಂಪ್ಯೂಟರಿಗೆ ಒಗ್ಗದೆ, ಮೇಲಿದ್ದ ಬರಹವೆಲ್ಲ ತುಳಿದ ಇರುವೆ ಸಾಲಿನ ಹಾಗೆ ಚೆಲ್ಲಾಪಿಲ್ಲಿಯಾಗಿತ್ತು. ಒಂದು ಪದವನ್ನೂ ಯಾರೂ ಓದಲಾರರು. ಆದರೆ ಮುಖಗಳು ಸ್ಪಷ್ಟವಾಗಿದ್ದವು. ಸಾಲು ಸಾಲಾಗಿ, ಬಿಳಿ ಅಂಗಿ ತೊಟ್ಟು, ಕೊಪ್ಪದ ಗಂಡಸರೆಲ್ಲ ಪರದೆಯ ತುಂಬ ಕೂತಿದ್ದರು. ಹದಿನಾಲ್ಕು ವರ್ಷದ ಹಿಂದಿನ ಮುಖಗಳು. ಆ ವರ್ಷ ಊರಿಗೆ ಹೊಸ ಟ್ರಾನ್ಸ್‌ಫಾರ್ಮರು ಬಂದಾಗ ಅದನ್ನು ಸ್ವಾಗತಿಸಲು ಮಾಡಿಸಿದ್ದ ಫ್ಲೆಕ್ಸು. ಜಕೀವುಲ್ಲಾನಿಗೇ ಅದು ಮರೆತುಹೋಗಿತ್ತು.

ಪರದೆಯಲ್ಲಿದ್ದ ಶಿವರಾಜುವಿಗೆ ತಲೆತುಂಬ ಕೂದಲಿತ್ತು. ಹೊರಗಿದ್ದ ಶಿವರಾಜು ತನ್ನ ನುಣ್ಣನೆಯ ತಲೆಯನ್ನು ಮೆಲ್ಲಗೆ ಸವರಿಕೊಂಡ.

“ಲೇ ಜಕೀ,” ಎಂದ ಕೊನೆಗೆ, ದನಿ ಒದ್ದೆಯಾಗಿತ್ತು. “ಈ ಪೋಟೊ ನೀನ್ ಎಲ್ ಮಡಗಿದ್ದೆ ಕಣ್ಲಾ. ನಾನ್ ಕೊಟ್ಟಿದ್ ಪೋಟೊದಲ್ಲಿ ಜಾಮೀನು ಸಿಗದವನಂಗಿದ್ದೆ.”

ಜಕೀವುಲ್ಲಾನ ನಾಲಿಗೆಗೆ ಜೀವ ಬಂತು. “ನಿಮ್ಮ ಈಗಿನ ಫೋಟೊ ನೋಡಿದೆ ಅಣ್ಣ. ಮನಸ್ಸು ಒಪ್ಪಲಿಲ್ಲ. ನರ್ಸಮ್ಮ ಓಡಾಡಿದ ಕಾಲದಲ್ಲಿ ಊರು ಹೆಂಗಿತ್ತೊ ಹಂಗೇ ಇರ್ಲಿ ಅಂತ ಹಳೇ ಮುಖಗಳನ್ನೇ ಹುಡುಕಿ ಹಾಕ್ದೆ.”

“ಇದ್ರಲ್ಲಿ ಇಬ್ರು ತೀರ್ಕಂಡವ್ರಲ್ಲಾ.”

“ತೆಗೆದುಬಿಡ್ತೀನಿ.”

“ಇರ್ಲಿ ಬುಡು. ಅವ್ರೂ ಇಂಜೆಕ್ಸನ್ ತಗಂಡೋರೇ.” ಶಿವರಾಜುವಿನ ಕಣ್ಣು ಪ್ರಯಾಸಪಟ್ಟು ತನ್ನ ಕೂದಲನ್ನು ಬಿಟ್ಟು ಪರದೆಯ ನಡುವಿಗೆ ಬಂತು. “ನಡುವ್ಗೆ ಟ್ರಾನ್ಸ್‌ಫಾರಂ ಯಾಕದೆ?”

“ಅದು ನರ್ಸಮ್ಮನ ಜಾಗ ಅಣ್ಣ. ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಲ್ವಾ, ಹಂಗೆ ಜಾಗ ಹಿಡಿಯಕ್ಕೆ ಏನೋ ಒಂದು ಇಟ್ಟಿದ್ದೆ.”

ಶಿವರಾಜುವಿಗೆ ಅಷ್ಟು ಸಾಕಾಯಿತು. ತನ್ನ ಕೂದಲಿನ ಸುದ್ದಿಯನ್ನು ಊರಿಗೆ ಮುಟ್ಟಿಸಲು ಫೋನು ಹಿಡಿದು ವಹಾಬನ ಜೊತೆ ಟೀ ಅಂಗಡಿಗೆ ನಡೆದ. ರೂಪಳ ಅಂಗಡಿಯ ಮುಂದೆ ಜನ ಸೇರಿದ್ದರಿಂದ ಅವಳೂ ಹೋದಳು. ಒಳಗೆ ಮಾದಯ್ಯ ಮತ್ತು ಜಕೀವುಲ್ಲಾ ಇಬ್ಬರೇ ಉಳಿದರು. ಡಿಸ್ಕು ತನ್ನ ಪಾಡಿಗೆ ಕಡಲೆ ರುಬ್ಬುತ್ತಿತ್ತು.

“ಜಕೀ.”

“ಅಣ್ಣ.”

“ನಾನ್ ಕಳ್ಸಿದ್ ಪೋಟೊ ಎಲ್ಲವೆ?”

ಬೆಳಿಗ್ಗೆಯಿಂದ ಹೊತ್ತುಕೊಂಡಿದ್ದನ್ನು ಇನ್ನು ಹೊರಲು ಸಾಧ್ಯವಿರಲಿಲ್ಲ. ಜಕೀವುಲ್ಲಾ ಸ್ಟೂಲಿನ ಮೇಲೆ ಕುಸಿದ. “ಕಳೆದುಬಿಟ್ಟೆ ಮಾದಣ್ಣ. ಸುಳ್ಳು ಹೇಳಿದೆ. ಇದು ಹಳೇದು, ಡಿಸೈನು ಮಾಡೇ ಇಲ್ಲ. ಅಂಗಡಿ ಎಲ್ಲಾ ಜಾಲಾಡಿದೆ, ನಿಮ್ಮ ಲಕೋಟೆ ಸಿಗಲಿಲ್ಲ. ಹೊಡೆಯಂಗಿದ್ರೆ ಹೊಡೀರಿ.”

ಮಾದಯ್ಯ ಬಾಗಿಲ ಕಡೆ ಒಮ್ಮೆ ನೋಡಿದ. ತೊಡೆಯ ಮೇಲಿದ್ದ ಕೈಚೀಲಕ್ಕೆ ಕೈಹಾಕಿ, ರಬ್ಬರ್ ಬ್ಯಾಂಡು ಸುತ್ತಿದ ಒಂದು ದಪ್ಪ ಲಕೋಟೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟ.

“ಸಿಕ್ಕಲ್ಲ ಕಣ್ಲಾ. ನಾನ್ ಕಳ್ಸೇ ಇಲ್ಲ.”

ಜಕೀವುಲ್ಲಾ ಲಕೋಟೆಯನ್ನೂ ಮಾದಯ್ಯನನ್ನೂ ನೋಡಿದ.

“ಆವತ್ತು ಪೋನ್ ಮಾಡ್ದಾಗ ಸಿವರಾಜು ಪಕ್ಕದಲ್ಲೇ ನಿಂತಿದ್ದ. ಕಳ್ಸಿಲ್ಲ ಅಂದ್ರೆ ಬಯ್ತಾನೆ ಅಂತ ಕಳ್ಸಿವ್ನಿ ಅಂದೆ. ನೀನು ಬರ್ಲಿಲ್ಲ ಅಂತೀಯ, ಬಸ್ಸಲ್ಲಿ ಕಳ್ದೋಯ್ತು ಅಂತ ಯೋಳ್ಬುಟ್ಟು ನಾಕ್ ದಿನ ತಳ್ಳವ ಅಂತಿದ್ದೆ. ನೀನ್ ನೋಡುದ್ರೆ ಬಂತು ಬಂತು ಅಂದ್ಬುಟ್ಟೆ.” ಮಾದಯ್ಯ ಕತ್ತು ಕೆರೆದುಕೊಂಡ. “ಕೊನೇ ಪೋಟೊ ನೆನ್ನೆ ಸಂಜೆ ಸಿಕ್ತು. ಇವತ್ತು ಬಂದು ನಿನ್ನ ಕಾಗದದ ರಾಶಿ ಒಳಕ್ಕೆ ಮೆಲ್ಲಗೆ ತುರುಕವ ಅಂತ ಬಂದೆ. ನೀನು ಡಿಸೈನ್ ರೆಡಿ ಅಂದೆ. ನಾನೂ ಇಪ್ಪತ್ತೆಂಟು ವರ್ಸ ನೀರ್ ಬುಟ್ಟಿವ್ನಿ ಕಣಪ್ಪ. ಟ್ಯಾಂಕಿಗೆ ಒಂದ್ ತೊಟ್ಟು ತುಂಬುಸ್ದೆ ನಲ್ಲೀಲಿ ನೀರು ಬಂದದ್ನ ನಾನ್ ಕಂಡಿಲ್ಲ. ಅದೆಂಗ್ ಬತ್ತದೆ ನೋಡೇಬುಡವ ಅಂತ ಕುಂತ್ಕಂಡೆ.”

ಮೊದಲು ನಕ್ಕವರು ಯಾರು ಎಂದು ಹೇಳುವುದು ಕಷ್ಟ. ಜಕೀವುಲ್ಲಾ ಮೇಜಿಗೆ ತಲೆಯಿಟ್ಟು ನಕ್ಕ. ಮಾದಯ್ಯ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕ. ಕಬ್ಬಿನ ಗಾಡಿ ಎಳೆದು ಬಂದು ನೊಗ ಕಳಚಿದ ಎತ್ತುಗಳಂತೆ ಇಬ್ಬರಿಗೂ ಹೆಗಲು ಹಗುರಾಗಿತ್ತು. ಕಳೆದದ್ದು ಏನೂ ಇಲ್ಲ, ಕಳೆದವನೂ ಯಾರೂ ಇಲ್ಲ. ಜಕೀವುಲ್ಲಾನಿಗೆ ಹಸಿವಾಯಿತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎನ್ನುವುದು ಆಗ ನೆನಪಾಯಿತು.

“ಸಿವರಾಜುಗೆ ಯೋಳ್ಬ್ಯಾಡ,” ಎಂದ ಮಾದಯ್ಯ.

“ನೀವೂ ಹೇಳ್ಬೇಡಿ,” ಎಂದ ಜಕೀವುಲ್ಲಾ.

ಶಿವರಾಜು ಟೀ ಕುಡಿದು ಬಂದಾಗ ಎರಡೂ ಕಾಲು. “ಊರೋರೆಲ್ಲಾ ಅದೇ ಮೊಕ ಇರ್ಲಿ ಅಂದವ್ರೆ. ನರ್ಸಮ್ಮನ್ ಪೋಟೊ ನಡುವ್ಗೆ ಕೂರ್ಸು, ಅಕ್ಸರ ಬರಿ, ಕಳ್ಸು. ಮುಕ್ಕಾಲ್ ಗ್ಯಂಟೆ ಅದೆ.”

“ಅರ್ಧ ಗಂಟೆ ಸಾಕು,” ಎಂದ ಜಕೀವುಲ್ಲಾ. ಶಿವರಾಜುವಿನ ಮುಂದೆ ಇಷ್ಟು ನಿಜವಾದ ಮಾತನ್ನು ಅವನು ಆ ದಿನ ಆಡಿರಲಿಲ್ಲ. ಲಕೋಟೆಯ ರಬ್ಬರ್ ಬ್ಯಾಂಡು ಬಿಚ್ಚಿ ಫೋಟೊಗಳನ್ನು ಮೇಜಿನ ಮೇಲೆ ಸುರಿದ. “ನೀವು ಕಳಿಸಿದ್ರಲ್ಲ, ಇದರಲ್ಲೇ ನರ್ಸಮ್ಮಂದೂ ಇರ್ತದೆ.”

ಮೂವರೂ ಹುಡುಕಿದರು. ಒಂದೊಂದನ್ನೇ ತಿರುಗಿಸಿದರು. ಮೊದಲನೇ ಸಾಲು ಒಂದು, ಮೊದಲನೇ ಸಾಲು ಎರಡು. ಮೀಸೆ, ಮೀಸೆ, ಕನ್ನಡಕ, ಮೀಸೆ. ಮೂವತ್ತನಾಲ್ಕು, ಮೂವತ್ತೈದು, ಮೂವತ್ತಾರು. ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದರು. ಒಂದು ಹಲ್ಲುಕಡ್ಡಿ ಬಿತ್ತು.

“ಮಾದಣ್ಣ,” ಎಂದ ಶಿವರಾಜು. “ಆವಮ್ಮನ್ ಪೋಟೊ?”

“ನೀನ್ ತತ್ತೀನಿ ಅಂದಿದ್ದಲ್ಲ.”

“ನಾನ್ ಮೊದಲ್ನೇ ಸಾಲು ನೋಡ್ಕತೀನಿ ಅಂದಿದ್ದೆ.”

“ಮೂರ್ ಮೀಟಿಂಗ್ ಮಾಡುದ್ವಲ್ಲ, ಯಾರ್ ತತ್ತೀನಿ ಅಂದ್ರು?”

ಮೂರು ಸಭೆಗಳನ್ನೂ ಇಬ್ಬರೂ ಮನಸ್ಸಿನಲ್ಲಿ ಮತ್ತೊಮ್ಮೆ ನಡೆಸಿ ನೋಡಿದರು. ಸಾಲಿನ ಬಗ್ಗೆ ಮಾತಾಗಿತ್ತು, ಮುಖದ ಅಳತೆಯ ಬಗ್ಗೆ ಒಂದು ಕುರ್ಚಿಯೂ ಮುರಿದಿತ್ತು. ಯಶೋದಮ್ಮನ ಮಾತೇ ಬಂದಿರಲಿಲ್ಲ.

“ಫೋನ್ ಮಾಡಿ. ಮೊಬೈಲಲ್ಲಿ ಒಂದು ತೆಗೆದು ಕಳಿಸ್ಲಿ, ಸಾಕು,” ಎಂದ ಜಕೀವುಲ್ಲಾ. ಅವನಿಗಿನ್ನೂ ನಗು ಉಳಿದಿತ್ತು. “ಐದು ನಿಮಿಷದ ಕೆಲಸ.”

ಶಿವರಾಜು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟ. ಆ ಕಡೆ ಒಂದು ಮಗು ಕಿರುಚುತ್ತಿತ್ತು. ಸೂಜಿ ಹಾಕುವ ದಿನ.

“ಯಾರು?” ಎಂದರು ಯಶೋದಮ್ಮ.

“ನಾನಮ್ಮ, ಸಿವರಾಜು. ನಾಳೀಕೆ ಫ್ಲೆಕ್ಸ್ ಮಾಡಿಸ್ತಾ ಇವ್ನಿ. ನಿಮ್ದೊಂದು ಪೋಟೊ ಕಳ್ಸಿ.”

“ನಂಗ್ಯಾಕಪ್ಪ ಫ್ಲೆಕ್ಸು.”

“ನಿಮ್ಗೇ ಅಲ್ವಾ ಸನ್ಮಾನ.”

“ಬೇರೆ ಯಾರ್ಯಾರದೆ ಅದರಲ್ಲಿ?”

“ನಾವು ಒಂದ್ ಮೂವತ್ತಾರ್ ಜನ.”

“ಅಷ್ಟು ಜನ ಇದೀರಲ್ಲ, ತುಂಬ್ತು ಬಿಡಿ.” ಅವರು ಮಗುವಿನ ತಾಯಿಗೆ ಏನೋ ಹೇಳಿ ಮತ್ತೆ ಫೋನಿಗೆ ಬಂದರು. “ಮೂವತ್ತೊಂದು ವರ್ಷ ನಿಮ್ಮೂರಿನ ಬಿಸಿಲಲ್ಲಿ ಓಡಾಡಿದೀನಿ ಶಿವರಾಜು. ರಿಟೈರ್ ಆದ್ಮೇಲೂ ಹೆಬ್ಬಾಗಿಲಲ್ಲಿ ಬಿಸಿಲಿಗೆ ನಿಲ್ಲಿಸ್ಬೇಕಾ? ನಾಳೆ ಬತ್ತೀನಿ, ಊಟ ಮಾಡ್ತೀನಿ, ಓಯ್ತೀನಿ.”

ಮಾದಯ್ಯ ಫೋನಿನ ಕಡೆ ಬಗ್ಗಿದ. “ನಡುವ್ಗೆ ಕೂರುಸ್ತೀವಿ ಕಣಮ್ಮ. ನಮ್ ನಾಕ್ ಮೊಕದಷ್ಟು ದೊಡ್ಡದಾಗಿ.”

“ಬ್ಯಾಡ.”

“ಸುತ್ತ ಊವು ಉದುರಂಗೆ ಮಾಡ್ಸ್ತೀವಿ.”

“ಬ್ಯಾಡ ಮಾದಯ್ಯ.”

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಪರದೆಯಲ್ಲಿ ಕೊಪ್ಪದ ಗಂಡಸರೆಲ್ಲ ಕಪ್ಪು ಕೂದಲು ಬಾಚಿಕೊಂಡು ನಗುತ್ತ ಕೂತಿದ್ದರು. ಶಿವರಾಜು ಜಕೀವುಲ್ಲಾನ ಪಕ್ಕೆಗೆ ತಿವಿದು, ನೀನು ಯೋಳು ಎಂದು ಕಣ್ಸನ್ನೆ ಮಾಡಿದ. ಜಕೀವುಲ್ಲಾ ಗಂಟಲು ಸರಿಮಾಡಿಕೊಂಡು, ಫೋನಿನ ಹತ್ತಿರ ಮುಖ ತಂದು, ಹದಿನೈದು ವರ್ಷದ ಅನುಭವವನ್ನೆಲ್ಲ ದನಿಯಲ್ಲಿ ತುಂಬಿಕೊಂಡ.

“ಅಮ್ಮ, ನಾನು ಫ್ಲೆಕ್ಸ್ ಅಂಗಡಿಯ ಜಕೀ. ಈಗಿನ ಫೋಟೊನೇ ಬೇಕು ಅಂತೇನಿಲ್ಲಮ್ಮ. ನೀವು ಕೆಲಸಕ್ಕೆ ಸೇರಿದಾಗ ತೆಗೆಸಿದ್ದು ಇದ್ರೂ ಸಾಕು. ಇಪ್ಪತ್ತೈದು ವರ್ಷದವರ ಹಾಗೆ ಕಾಣ್ತೀರ.”

“ಕೊಡಲ್ಲ ಕಣಪ್ಪ,” ಎಂದರು ಯಶೋದಮ್ಮ.